ಒಂದು ಅಚ್ಚು ಕಡಿಮೆ

ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಟಾರ್ಚು ಬಿಟ್ಟೆ.
ಮೂವತ್ತಾರು ಸೀಸೆ, ಮೂವತ್ತಾರು ತಳ,
ಪ್ರತಿ ತಳದಲ್ಲೂ ಬೆಳ್ಳನೆಯ ಪದರ,
ಹಾಲು ಕುಡಿದು ಮಲಗಿದ ಮಗುವಿನ ನಾಲಿಗೆಯ ಹಾಗೆ.
ಕೆಟ್ಟಿತು ಅಂದುಕೊಂಡೆ.
ಎರಡು ವಾರ ಬಕೇಟಿನಲ್ಲಿ ಗುಳುಗುಳು ಅಂದದ್ದು,
ಅಡುಗೆಮನೆಗೆಲ್ಲ ಹುಳಿಬ್ರೆಡ್ಡಿನ ವಾಸನೆ ಹಿಡಿಸಿದ್ದು,
ಎಲ್ಲ ಮೋರಿಗೆ.

ಗೋಡೆಯಾಚೆಯ ಓಡಿಲೋನ್ ಮನೆಚಪ್ಪಲಿಯಲ್ಲೇ ಬಂದ.
ಮೂವತ್ತೊಂದು ವರ್ಷ ಬಿಯರು ಕಾರ್ಖಾನೆಯಲ್ಲಿ
ಸೀಸೆ ತೊಳೆದವನು; ಈಗ ಒಂದು ಕಿವಿ ಕೇಳಿಸದು.
ಸೀಸೆಯನ್ನು ಬಲ್ಬಿಗೆ ಹಿಡಿದು,
ಎಕ್ಸ್-ರೇ ನೋಡುವ ನಮ್ಮ ಡಾಕ್ಟರ ಹಾಗೆ ಹುಬ್ಬು ಗಂಟಿಕ್ಕಿ,
"ಗಸಿ," ಅಂದ. "ಯೀಸ್ಟು ಸಕ್ಕರೆ ಉಂಡು, ಉಸಿರು ಬಿಟ್ಟು, ಮಲಗಿದೆ.
ಗಸಿ ಇಲ್ಲದಿದ್ದರೆ ನಾನು ಹೆದರುತ್ತಿದ್ದೆ, ಮಾರ್ಲೇನ್.
ಎಬ್ಬಿಸಬೇಡ. ಅಷ್ಟೆ."

ಅಷ್ಟೇ ಆಗಿದ್ದರೆ ನಾನೂ ಮಲಗುತ್ತಿದ್ದೆ.

ಸೀಸೆಗೊಂದು ಸಕ್ಕರೆ ಅಚ್ಚು, ಇದು ಪುಸ್ತಕದ ಮಾತು.
ಕತ್ತಿನಲ್ಲಿ ಸಿಕ್ಕಿಕೊಂಡದ್ದನ್ನು ಹೆಣಿಗೆಕಡ್ಡಿಯಿಂದ ತಳ್ಳುತ್ತ
ಹತ್ತೊಂಬತ್ತೋ ಇಪ್ಪತ್ತೋ ಆಗಿದ್ದಾಗ ಬಾಗಿಲ ಗಂಟೆ:
ಅಂಚೆಯವನು, ಓಡಿಲೋನನ ಪಾರ್ಸೆಲ್ಲು, ನನ್ನ ಸಹಿ.
ಮರಳಿ ಬಂದು ಶುರುಮಾಡಿದ್ದು ಎಲ್ಲಿಂದ?
ನಲವತ್ತರ ಡಬ್ಬಿಯಲ್ಲಿ ನಾಲ್ಕು ಉಳಿಯಬೇಕು. ಮೂರಿತ್ತು.
ಕಾಫಿಗೆ ನಾನು ಸಕ್ಕರೆ ಹಾಕುವುದಿಲ್ಲ.

ರಾತ್ರಿ ಪಾಳಿಯಲ್ಲಿ ಇಪ್ಪತ್ತೆರಡು ಹಾಸಿಗೆಗೆ
ಗುಳಿಗೆ ಹಂಚುವವಳು ನಾನು. ಇಪ್ಪತ್ತಾರು ವರ್ಷದಲ್ಲಿ
ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.
ಈಗ ಯಾವುದೋ ಒಂದರ ಹೊಟ್ಟೆಯಲ್ಲಿ ಎರಡರ ಉಸಿರು,
ಹೊರಗೆ ಎಲ್ಲಕ್ಕೂ ಅದೇ ಕಂದು ಗಾಜು, ಅದೇ ಮುಖ.
ತಳದಲ್ಲಿ ಅವು ತಣ್ಣಗೆ,
ತಳಮಳವೆಲ್ಲ ನನ್ನದು.

ಸ್ನಾನದ ತೊಟ್ಟಿಯಲ್ಲಿ ಅಷ್ಟನ್ನೂ ನಿಲ್ಲಿಸಿ
ಅಮ್ಮನ ಉಣ್ಣೆ ಕಂಬಳಿ ಹೊದಿಸಿದೆ, ಮೇಲೊಂದು ಹಲಗೆ.
ನನ್ನ ಸ್ನಾನಕ್ಕೆ ಆಸ್ಪತ್ರೆಯ ಶವರು.
ಏಳನೇ ಹಾಸಿಗೆಯ ವಾನ್ ಹೂಕೆ ಕೇಳಿದರು,
"ಏನು ಸಿಸ್ಟರ್, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೆ?"
"ಹೊಟ್ಟೆಯುಬ್ಬರ," ಅಂದೆ. "ಯಾರಿಗೆ ಅಂತ ಗೊತ್ತಿಲ್ಲ."

ಹದಿನಾರನೇ ರಾತ್ರಿ, ಮೂರು ಗಂಟೆ ದಾಟಿ,
ಡ್ರಿಪ್ಪಿನ ಹನಿ ಎಣಿಸುತ್ತಿದ್ದಾಗ ಜೇಬಿನಲ್ಲಿ ಫೋನು ನಡುಗಿತು.
ಓಡಿಲೋನನ ಸಂದೇಶ, ಎರಡೇ ಸಾಲು:
"ಕಿವುಡು ಕಿವಿಗೂ ಕೇಳಿಸಿತು.
ನಿನ್ನ ಅಚ್ಚು ಸಿಕ್ಕಿತು."

ಬೆಳಿಗ್ಗೆ ಕಂಬಳಿ ಎತ್ತಿದರೆ ಒದ್ದೆ, ಗಾಜು, ಮಾಲ್ಟಿನ ಘಮ.
ಪಕ್ಕದ ಮೂವತ್ತೈದಕ್ಕೆ ಗೀರೂ ಇಲ್ಲ.
ಒಡೆದದ್ದರ ತಳ ಮಾತ್ರ ಬಟ್ಟಲಿನ ಹಾಗೆ ಇಡಿಯಾಗಿ ನಿಂತಿತ್ತು,
ಅದರೊಳಗೆ ಗಸಿ, ಬೆಳ್ಳಗೆ,
ಏನೂ ನಡೆಯಲೇ ಇಲ್ಲವೆಂಬಂತೆ ಅಂಟಿಕೊಂಡು.
ನಕ್ಕೆನೋ ಅತ್ತೆನೋ, ಮೊದಲು ನಿದ್ದೆ ಮಾಡಿದೆ.

ಮೂರನೇ ಭಾನುವಾರ. ಗೆಂಟಿನ ಕಾಲುವೆಯ ಮೇಲೆ ಮಂಜು.
ಎರಡು ದಿನ ಫ್ರಿಜ್ಜಿನಲ್ಲಿ ನೆಟ್ಟಗೆ ನಿಂತ ಸೀಸೆ
ಬಿರಡೆ ಎತ್ತಿದಾಗ ಟುಸ್ ಅಂದಿತು.
ಲೋಟ ಓರೆ ಹಿಡಿದು, ಒಂದೇ ಧಾರೆ, ನಡುವೆ ನಿಲ್ಲಿಸದೆ.
ನಿಲ್ಲಿಸಿದರೆ ಹಿಂದಕ್ಕೆ ಮರಳಿದ ಅಲೆ ತಳ ಕಲಕುತ್ತದೆ;
ಇದು ಪುಸ್ತಕದಲ್ಲಿರಲಿಲ್ಲ, ಗೋಡೆಯಾಚೆಯಿಂದ ಬಂದದ್ದು.
ನನ್ನ ಕೈ ಇಂಥ ಕೆಲಸಕ್ಕೆ ಹಳತು:
ಮಲಗಿದವರ ಕೆಳಗಿನ ದುಪ್ಪಟಿ ಎಳೆದು ಬದಲಿಸಿದ್ದೇನೆ,
ಅವರಿಗೆ ಎಚ್ಚರವಾಗದಂತೆ.
ಬಿಳಿಯ ಎಳೆಯೊಂದು ಸೀಸೆಯ ಹೆಗಲಿಗೆ ಬಂದದ್ದೇ ಎತ್ತಿಬಿಟ್ಟೆ.
ಲೋಟದಲ್ಲಿ ತಿಳಿ, ಜೇನುಬಣ್ಣ, ಎರಡು ಬೆರಳು ನೊರೆ.

ಉಳಿದ ಬೆರಳಷ್ಟನ್ನು ಸಿಂಕಿಗೆ ಚೆಲ್ಲಹೊರಟರೆ
ಓಡಿಲೋನ್ ಕೈ ಹಿಡಿದ. ಅಂಗಿಯ ಜೇಬಿನಿಂದ ತೆಗೆದ
ಒಂದು ಪುಟ್ಟ ಗ್ಲಾಸು, ಕಾರ್ಖಾನೆಯ ಹೆಸರು ಸವೆದುಹೋದದ್ದು.
ಸೀಸೆಯನ್ನು ಗಿರಗಿರ ತಿರುಗಿಸಿ, ಮಲಗಿದ್ದನ್ನೆಲ್ಲ ಎಬ್ಬಿಸಿ,
ಮೋಡದಂಥ ಅದನ್ನು ಬಗ್ಗಿಸಿಕೊಂಡು ಒಂದೇ ಗುಟುಕಿಗೆ ಕುಡಿದ.

"ತಿಳಿ ನಿನ್ನದು," ಅಂದ. ತುಟಿ ಒರೆಸಿಕೊಂಡ.
"ಸ್ವಲ್ಪ ಸಪ್ಪೆ. ಮುಂದಿನ ಸಲ ಹಾಪ್ಸು ಇನ್ನೊಂದು ಹಿಡಿ.
ಸಕ್ಕರೆ ಹಾಕುವಾಗ
ಗಂಟೆ ಬಾರಿಸಿದರೆ ಬಾಗಿಲು ತೆಗೆಯಬೇಡ.
ಪಾರ್ಸೆಲ್ಲು ನನ್ನದೇ ಆದರೂ."